ದೊಡ್ಡಮ್ಮನ ಕರೆಂಟ್ ಬಿಲ್ಲು ಓದುವ ಬಗೆ

ಕರೆಂಟ್ ಕಂಪನಿ ಚೆಸ್ಕಾಂ ಬಿಟ್ಟು ಮೆಸ್ಕಾಂ ಕರೆಂಟು ತಗೊಂಡರೆ ಅಗ್ಗವಾಗುತ್ತಾ? ಬೇಲೂರು ಕಡೆಯವರು ಕೇಳುವ ಪ್ರಶ್ನೆ ಇದು. ಬೇಲೂರು ಹಾಸನ ಜಿಲ್ಲೆ, ಹಾಗಾಗಿ ಚೆಸ್ಕಾಂ. ಗಡಿ ದಾಟಿ ಚಿಕ್ಕಮಗಳೂರಿಗೆ ಹೋದರೆ ಮೆಸ್ಕಾಂ. ಮನೆಯವರು ಕಂಪನಿ ಆರಿಸಿಕೊಳ್ಳುವ ಹಾಗಿಲ್ಲ, ಆರಿಸಿಕೊಂಡರೂ ಲಾಭವಿಲ್ಲ: ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ, ಮನೆ ಬಳಕೆಗೆ ಎರಡೂ ಕಡೆ ಒಂದೇ ದರ. ವಿದ್ಯುತ್ ಖರೀದಿಯ ಖರ್ಚಿಗೆ ತಕ್ಕಂತೆ ತಿಂಗಳಿಂದ ತಿಂಗಳಿಗೆ ಪೈಸೆಗಳಲ್ಲಿ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ ಮಾತ್ರ ಕಂಪನಿಗೊಂದು ಥರ.

ಹಾಗಾದರೆ ಪಕ್ಕದ ಮನೆಯವರಿಗೆ ಸೊನ್ನೆ ಬಿಲ್ಲು, ಒಂಟಿಯಾಗಿರುವ ದೊಡ್ಡಮ್ಮನಿಗೆ ಇನ್ನೂರು ರೂಪಾಯಿ ಬರುವುದೇಕೆ? ಉತ್ತರ ಬಿಲ್ಲಿನೊಳಗೇ ಇದೆ. ಒಂದು ವರ್ಷದ ಬಿಲ್ಲುಗಳನ್ನು ಮುಂದೆ ಹರಡಿಕೊಂಡು ಕೂರಬೇಕು. ದೇವರ ಗೂಡಿನಲ್ಲಿ ಜೋಪಾನವಾಗಿ ಮಡಚಿಟ್ಟ ಬಿಲ್ಲು ಬಿಚ್ಚಿ ನೋಡಿದರೆ ಬರೀ ಬಿಳಿ ಹಾಳೆ. ಆ ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತೆ. ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹಳೆಯ ಲೆಕ್ಕ ಬೇಕಾದರೆ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ, ಅಂದರೆ ಆರ್‌ಆರ್ ನಂಬರ್ ಹಿಡಿದು ಉಪವಿಭಾಗದ ಕಚೇರಿಗೆ ಹೋದರೆ ಸಿಗುತ್ತೆ.

ಬಿಲ್ಲಿನಲ್ಲಿ ಮೊದಲು ಹುಡುಕಬೇಕಾದ್ದು ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಅರ್ಹ ಯೂನಿಟ್. "ಇನ್ನೂರು ಯೂನಿಟ್ ಫ್ರೀ" ಅಂತ ಎಲ್ಲರ ಬಾಯಲ್ಲೂ ಇದೆ, ಆದರೆ ಎಲ್ಲರಿಗೂ ಇನ್ನೂರು ಫ್ರೀ ಇಲ್ಲ. 2022-23ನೇ ಸಾಲಿನಲ್ಲಿ ಆ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿದರೆ ಬರುವುದು ಅವರ ಪಾಲು. ಸರಾಸರಿ 60 ಇದ್ದವರಿಗೆ 66. ಕಡಿಮೆ ಉರಿಸುತ್ತಿದ್ದ ಬಡವರಿಗೇ ಇದರಿಂದ ಅನ್ಯಾಯವಾಯಿತು ಅನ್ನಿ: 38 ಯೂನಿಟ್‌ನವರಿಗೆ ಹೆಚ್ಚಿಗೆ ಸಿಕ್ಕಿದ್ದು ನಾಲ್ಕು ಯೂನಿಟ್ಟೂ ಇಲ್ಲ. 2024ರ ಜನವರಿಯಲ್ಲಿ ಸರ್ಕಾರ ಇದನ್ನು ತಿದ್ದಿತು. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇಕಡಾ ಲೆಕ್ಕದ ಬದಲು ನೇರವಾಗಿ 10 ಯೂನಿಟ್, ಅಂದರೆ 38 ಇದ್ದವರಿಗೆ 48. ಹಿಂದಿನ ಬಳಕೆಯ ಲೆಕ್ಕವಿಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53ರ ಮೇಲೆ ಶೇ 10, ಅಂದರೆ 58. ಬಿಲ್ಲಿನಲ್ಲಿರುವ ಸಂಖ್ಯೆ ಈ ಲೆಕ್ಕಕ್ಕೆ ಕೂಡಿಬರುತ್ತಾ ನೋಡಿ. ಬರದಿದ್ದರೆ 2022-23ರ ಬಳಕೆಯ ವಿವರ ಇಟ್ಟುಕೊಂಡು ಕೇಳಿ. "ಫ್ರೀ ಯಾಕಿಲ್ಲ" ಅಂದರೆ ಯಾರೂ ತಲೆ ಎತ್ತಿ ನೋಡಲ್ಲ. "ಸರಾಸರಿ 38 ಇದೆ, 48 ಬರಬೇಕಿತ್ತು" ಅಂದರೆ ಕಂಪ್ಯೂಟರ್ ತೆರೆಯುತ್ತಾರೆ.

ಪಾಲು ಮೀರಿ 200ರೊಳಗೆ ಉಳಿದರೆ ಮೀರಿದ ಯೂನಿಟ್ಟಿಗೆ ಮಾತ್ರ ದುಡ್ಡು. 2025-26ನೇ ಸಾಲಿನಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ, 5.80ರ ಮೇಲೆ ಶೇ 9 ತೆರಿಗೆ ಇತ್ತು. ಎಲ್ಲ ಸೇರಿ ಒಂದು ಯೂನಿಟ್ಟು ಸುಮಾರು 6 ರೂಪಾಯಿ 68 ಪೈಸೆಗೆ ಬಂದು ನಿಲ್ಲುತ್ತಿತ್ತು. ಇಂಧನ ಹೊಂದಾಣಿಕೆ ಬೇರೆ.

200 ದಾಟಿದರೆ ಮಾತ್ರ ಕಥೆಯೇ ಬೇರೆ. ಆಗ ಪೂರ್ತಿ ಬಿಲ್ಲು ಮೈಮೇಲೆ ಬರುತ್ತೆ. 165 ಯೂನಿಟ್ ಪಾಲಿರುವ, 2 ಕಿಲೋವ್ಯಾಟ್ ಲೋಡಿನ (ಮನೆಗೆ ಮಂಜೂರಾದ ಸಾಮರ್ಥ್ಯ) ಮನೆ ಅಂದುಕೊಳ್ಳಿ, ದರ 2025-26ರದ್ದೇ. ತಿಂಗಳಿಗೆ 198 ಉರಿದರೆ ಮೀರಿದ 33ಕ್ಕೆ ಸುಮಾರು 220 ರೂಪಾಯಿ. 203 ಉರಿದರೆ? ನಿಗದಿತ ಶುಲ್ಕ ಕಿಲೋವ್ಯಾಟಿಗೆ 145ರಂತೆ 290, ಅದರ ಮೇಲೆ 203 ಯೂನಿಟ್ಟಿಗೂ ದರ, ಸರ್‌ಚಾರ್ಜ್, ತೆರಿಗೆ. ಒಟ್ಟು ಸುಮಾರು 1,646. ಐದೇ ಐದು ಯೂನಿಟ್ಟಿಗೆ ಸಾವಿರದ ನಾನೂರಕ್ಕೂ ಮೇಲೆ.

ಒಂಟಿ ಮುದುಕಿಯ ಮನೆಯಲ್ಲಿ 200 ಎಲ್ಲಿ ಉರಿಯುತ್ತೆ ಅನ್ನಬೇಡಿ. ಹಿಂದಿನ ಪೋರ್ಷನ್ ಬಾಡಿಗೆಗೆ ಕೊಟ್ಟು ಸಬ್ ಮೀಟರ್ ಹಾಕಿಸಿರುತ್ತಾರೆ. ಕಂಪನಿಯ ಲೆಕ್ಕಕ್ಕೆ ಸಬ್ ಮೀಟರ್ ಇಲ್ಲ, ಇರುವುದು ಒಂದೇ ಮೀಟರು. ಬಾಡಿಗೆಯವರ 140, ಅಜ್ಜಿಯ 65, ಕೂಡಿದರೆ 205. ಇಬ್ಬರ ಸೌಲಭ್ಯವೂ ಹೋಯಿತು. ಆ ಪೋರ್ಷನ್ನಿಗೆ ಪ್ರತ್ಯೇಕ ಮೀಟರ್ ಹಾಕಿಸಿದರೆ ಬಾಡಿಗೆಯವರು ತಮ್ಮ ಆಧಾರ್ ಕೊಟ್ಟು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ತಾವೇ ಅರ್ಜಿ ಹಾಕಬಹುದು. ಠೇವಣಿ, ವೈರಿಂಗ್ ಅಂತ ಒಂದಷ್ಟು ಖರ್ಚಿದೆ; ತಿಂಗಳು ತಿಂಗಳು 200 ದಾಟುವ ಮನೆಗೆ ಅದು ಬೇಗ ಹುಟ್ಟುತ್ತೆ.

ಇನ್ನು ಲೋಡ್. ಗಂಡ ಇದ್ದಾಗ, ಮಕ್ಕಳು ಜೊತೆಗಿದ್ದಾಗ 3 ಕಿಲೋವ್ಯಾಟ್ ಮಾಡಿಸಿದ್ದು ಹಾಗೇ ಉಳಿದಿರುತ್ತೆ. 1 ಕಿಲೋವ್ಯಾಟಿಗೆ ಇಳಿಸಿದರೆ ತಿಂಗಳಿಗೆ 290 ಉಳಿತಾಯ ಅಂತ ಯಾರೋ ಹೇಳಿದ್ದನ್ನು ಕೇಳಿ ಅರ್ಜಿ ಬರೆಯಲು ಹೊರಡಬೇಡಿ. ಸೊನ್ನೆ ಬಿಲ್ಲು ಬರುವ ಮನೆಯಲ್ಲಿ ನಿಗದಿತ ಶುಲ್ಕವೂ ಸೊನ್ನೆಯೇ. ಇಳಿಸಿ ಉಳಿಸುವುದೇನೂ ಇಲ್ಲ. ಗೃಹಜ್ಯೋತಿ ಇಲ್ಲದ ಎರಡನೇ ಮೀಟರಿಗೆ, ಪದೇ ಪದೇ 200 ದಾಟುವ ಮನೆಗೆ ಮಾತ್ರ ಇದು ಉಪಯೋಗ. ತಾರಸಿ ಸೋಲಾರ್ ಮಾರಲು ಬರುವವರಿಗೂ ಇದೇ ಮಾತು: 1 ಕಿಲೋವ್ಯಾಟಿಗೆ ಕೇಂದ್ರದ 30,000 ಸಬ್ಸಿಡಿ ಇರುವುದು ನಿಜ, ಆದರೆ ಸೊನ್ನೆ ಬಿಲ್ಲಿನಲ್ಲಿ ಉಳಿಸಲು ಏನಿದೆ? ಉಳಿದ ಹಣಕ್ಕೆ ಅಜ್ಜಿ ಸಾಲ ಮಾಡಬೇಕಾಗುತ್ತೆ ಅಷ್ಟೆ.

ಪಾಲು 48 ಇರುವ ಮನೆಯಲ್ಲಿ ದಿನಕ್ಕೆ ಸಿಗುವುದು 1.6 ಯೂನಿಟ್. ಇದನ್ನು ತಿನ್ನುವ ಮೊದಲ ಸಾಮಾನು ವಾಟರ್ ಹೀಟರ್ ಕಾಯಿಲ್. 1,500 ವ್ಯಾಟಿನ ಕಾಯಿಲನ್ನು ಬಕೆಟ್ಟಿನಲ್ಲಿ 40 ನಿಮಿಷ ಬಿಟ್ಟರೆ ಒಂದು ಯೂನಿಟ್, ತಿಂಗಳಿಗೆ 30. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದ ಚಳಿಗೆ ಬಿಸಿನೀರು ಬೇಡ ಅನ್ನಲಾಗದು; ತೋಟದ ಸೌದೆ ಸಿಗುವಲ್ಲಿ ಹಂಡೆ ಒಲೆಗೆ ಸಮನಾದದ್ದಿಲ್ಲ. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಮೋಟರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ ಸುಮಾರು 15. ಬಚ್ಚಲಿನಲ್ಲಿ ಇನ್ನೂ ನೇತಾಡುವ 60 ವ್ಯಾಟಿನ ಹಳೇ ಬುರುಡೆ ದಿನಕ್ಕೆ 5 ಗಂಟೆ ಉರಿದರೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ ಒಂದೂವರೆಯೂ ಆಗಲ್ಲ. ಟಿವಿ, ಮಿಕ್ಸಿ ಬಗ್ಗೆ ಮುದುಕರನ್ನು ಗದರಿಸುವುದು ದಂಡ.

ಬಳಕೆ ಕಡಿಮೆಯಿದ್ದೂ ಯೂನಿಟ್ ಏರುತ್ತಿದ್ದರೆ ಮೀಟರಿನ ಮುಂದೆ ಹತ್ತು ನಿಮಿಷ ನಿಲ್ಲಿ. ಅದರ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿಟುಕುತ್ತೆ ಅಂತ ಬರೆದಿರುತ್ತೆ, 3200 ಅಂತಿಟ್ಟುಕೊಳ್ಳಿ. ಫ್ರಿಜ್, ಸೆಟ್‌ಟಾಪ್ ಬಾಕ್ಸ್ ಸೇರಿ ಎಲ್ಲ ಪ್ಲಗ್ ಕಿತ್ತು, ಎಲ್ಲ ಸ್ವಿಚ್ ಆರಿಸಿ, ಮೇನ್ ಮಾತ್ರ ಆನ್ ಇರಲಿ. ಕೆಂಪು ದೀಪ ಮಿಟುಕಬಾರದು. ಹನ್ನೊಂದು ಸೆಕೆಂಡಿಗೊಮ್ಮೆ ಮಿಟುಕಿದರೆ 100 ವ್ಯಾಟ್ ಎಲ್ಲೋ ಹೋಗುತ್ತಿದೆ ಅಂತ ಅರ್ಥ. ತಿಂಗಳಿಗೆ 72 ಯೂನಿಟ್. ಒದ್ದೆ ಗೋಡೆಯ ವೈರಿಂಗಿನಲ್ಲಿ ಅರ್ತ್ ಲೀಕೇಜ್, ಇಲ್ಲವೇ ಮರೆತುಹೋದ ಯಾವುದೋ ಲೈನು. ಗೋಡೆ ಮುಟ್ಟಿದರೆ ಜುಮ್ಮೆನ್ನುತ್ತೆ ಅಂತ ಅಜ್ಜಿ ಹೇಳಿದ್ದರೆ ಅದನ್ನು ಅಸಡ್ಡೆ ಮಾಡದೆ ಮೇನ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ. ಮೇನ್ ಆರಿಸಿದ ಮೇಲೂ ಮಿಟುಕುತ್ತಿದ್ದರೆ ದೋಷ ಮೀಟರಿನದು, ಇಲ್ಲವೇ ಮೇನ್‌ಗೆ ಮೊದಲೇ ಯಾರೋ ಲೈನ್ ಎಳೆದಿದ್ದಾರೆ. ಆಗ ಮೀಟರ್ ಪರೀಕ್ಷೆಗೆ ಬರೆದುಕೊಡಬೇಕು.

ಮೀಟರ್ ರೀಡರ್ ಬಂದು ಹೋದ ದಿನದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಆಮೇಲೆ ಹತ್ತು ದಿನಕ್ಕೊಮ್ಮೆ. 48ರ ಮನೆಗೆ ಇಪ್ಪತ್ತನೇ ದಿನ 32 ದಾಟಿರಬಾರದು. 200ರ ಅಂಚಿನಲ್ಲಿರುವ ಮನೆಗೆ 133. ಗೇಟಿಗೆ ಬೀಗ ಇತ್ತು ಅಂತ ಸರಾಸರಿ ಬಿಲ್ಲು ಹಾಕಿದ್ದರೆ ಮೀಟರಿನ ಫೋಟೊ ತೋರಿಸಿ ಸರಿಪಡಿಸಿಕೊಳ್ಳಲು ಇದೇ ದಾಖಲೆ.

ಅಜ್ಜಿ ಮಗನ ಮನೆಗೆ ಅಥವಾ ಬೇರೆ ಬಾಡಿಗೆ ಮನೆಗೆ ಹೋಗುವುದಾದರೆ ಗೃಹಜ್ಯೋತಿಗೆಂದು ಹಳೇ ಮೀಟರಿಗೆ ಜೋಡಿಸಿದ ಅವರ ಆಧಾರ್ ಬಿಡಿಸಬೇಕು. ಒಂದು ಆಧಾರ್‌ಗೆ ಒಂದೇ ಮೀಟರ್. ಡಿ-ಲಿಂಕ್ ಸೌಲಭ್ಯ 2024ರಿಂದ ಸೇವಾ ಸಿಂಧುವಿನಲ್ಲೇ ಇದೆ, ಮೊಬೈಲ್ ಗೊತ್ತಿಲ್ಲದವರು ಊರಿನ ಸೇವಾ ಕೇಂದ್ರವಾದ ಗ್ರಾಮ ಒನ್‌ಗೆ ಹೋಗಬಹುದು. ಓಟಿಪಿ ಬರುವ ನಂಬರ್ ಯಾರ ಕೈಯಲ್ಲಿದೆ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಎಷ್ಟೋ ಅರ್ಜಿಗಳು ನಿಲ್ಲುವುದು ಅಲ್ಲೇ. "ಇವತ್ತು ರಾತ್ರಿ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ" ಅಂತ ಬರುವ ಮೆಸೇಜಿಗೆ ಮಾತ್ರ ಆ ಓಟಿಪಿ ಕೊಡಬಾರದು. ಅನುಮಾನವಿದ್ದರೆ ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆಯನ್ನು ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ.