ಮೂವತ್ತಾಗಿಲ್ಲ ಅಂತ ವಾಪಸ್ ಕಳಿಸಿದ್ದೆ

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರವರಿಗೆಲ್ಲ ಸಿಸ್ಟರ್. ಮೂವತ್ತು ದಾಟಿದ ಎಲ್ಲರ ಬಿಪಿ, ಶುಗರ್ ನೋಡುವುದು ನಮ್ಮ ಉಪಕೇಂದ್ರದ ಕೆಲಸ.

ಒಂದು ದಿನ ತಾಯಿಯ ಜೊತೆ ಒಬ್ಬ ಹುಡುಗ ಬಂದಿದ್ದ. 27 ವರ್ಷ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೊ ಓಡಿಸುತ್ತಾನೆ. ತಾಯಿಗೆ ಶುಗರ್ ನೋಡಿ ಮುಗಿಸಿದೆ. ‘ನಂದೂ ಒಮ್ಮೆ ನೋಡ್ರಿ ಸಿಸ್ಟರ್’ ಅಂದ. ಡಬ್ಬಿಯಲ್ಲಿ ಶುಗರ್ ನೋಡುವ ಸ್ಟ್ರಿಪ್ ಕಡಿಮೆ ಇದ್ದವು. ‘ನಿನಗಿನ್ನೂ ಮೂವತ್ತಾಗಿಲ್ಲಪ್ಪಾ, ಆಮೇಲೆ ನೋಡೋಣು’ ಅಂದುಬಿಟ್ಟೆ.

ಒಂದೂವರೆ ವರ್ಷದ ಮೇಲೆ ಕಾಲಿನ ಗಾಯ ಮಾಯುತ್ತಿಲ್ಲ ಅಂತ ಬಂದ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ 214. 126 ದಾಟಿದರೇ ಡಾಕ್ಟರ್ ಹತ್ತಿರ ಕಳಿಸುತ್ತೇವೆ. ಆ ಮೊದಲ ದಿನವೇ ಇತ್ತೋ ಏನೋ, ನೋಡಿದ್ದರಲ್ಲವೇ ಗೊತ್ತಾಗುವುದು? ತಾಯಿಗೆ ಕಾಯಿಲೆ ಇದೆ, ಇವನಿಗೆ ಹೊಟ್ಟೆ ಬಂದಿದೆ, ದಿನವಿಡೀ ಸೀಟಿನ ಮೇಲೆ ಕೂತಿರುತ್ತಾನೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಫಾರ್ಮಿನಲ್ಲಿ ಇವನ್ನೇ ಕೇಳುತ್ತಾರೆ. ನಾನು ಕೇಳಿದ್ದು ವಯಸ್ಸು ಮಾತ್ರ.

ಆಮೇಲೆ ಈ ಮೂವತ್ತರ ಬಗ್ಗೆ ತುಂಬಾ ಯೋಚಿಸಿದೆ. ಎಲ್ಲರ ಶುಗರ್ ನೋಡಲು ಶುರು ಮಾಡುವ ವಯಸ್ಸು ಅಮೆರಿಕದ ಡಯಾಬಿಟಿಸ್ ಸಂಘ ಮೊದಲು 45 ಎನ್ನುತ್ತಿತ್ತು, 2022ರಲ್ಲಿ 35ಕ್ಕೆ ಇಳಿಸಿತು. ನಮ್ಮಲ್ಲಿ 30, ಯಾಕೆಂದರೆ ನಮ್ಮವರಿಗೆ ಬೇಗ ಬರುತ್ತದೆ. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಕೂತಿರುತ್ತದೆ. ಹಾಗಂತ ಇಪ್ಪತ್ತು ದಾಟಿದವರನ್ನೆಲ್ಲ ಕರೆದು ಚುಚ್ಚಬೇಕು ಅಂತ ನನಗೆ ಅನಿಸುವುದಿಲ್ಲ. ನೂರಾರು ಸ್ಟ್ರಿಪ್ ಖರ್ಚಾಗಿ ಸಿಗುವವರು ಕೆಲವರೇ. ಅಷ್ಟರಲ್ಲಿ ಐವತ್ತು ದಾಟಿದವರು ಹಿಂದೆ ಉಳಿಯುತ್ತಾರೆ. 30 ಸರಿಯೇ. ಆದರೆ ಅದು ನಾವಾಗಿ ಕರೆಯಬೇಕಾದ ವಯಸ್ಸು. ತಾವಾಗೇ ಬಂದವರನ್ನು ತಿರುಗಿ ಕಳಿಸೋಕೆ ಇಟ್ಟಿದ್ದಲ್ಲ.

ಈಗ ಚಿಕ್ಕವರು ಬಂದರೆ ಮೊದಲು ಅಪ್ಪ, ಅಮ್ಮ, ಅಣ್ಣತಮ್ಮಂದಿರ ಬಗ್ಗೆ ಕೇಳುತ್ತೇನೆ. ಸೊಂಟಕ್ಕೆ ಟೇಪ್ ಹಿಡಿಯುತ್ತೇನೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಸುಮ್ನೆ ಬಿಡುವುದಿಲ್ಲ. ಹೆಣ್ಣುಮಕ್ಕಳಿಗೆ ಬಸುರಿದ್ದಾಗ ಶುಗರ್ ಬಂದಿತ್ತಾ ಅಂತ ಕೇಳಲೇಬೇಕು. ಹೆರಿಗೆಯಾದ ಮೇಲೆ ಇಳಿಯುತ್ತದೆ, ಎಲ್ಲರೂ ಮರೆಯುತ್ತಾರೆ. ಮುಂದೆ ಮತ್ತೆ ಬರುವ ಸಾಧ್ಯತೆ ಅವರಿಗೇ ಜಾಸ್ತಿ.

ಆ ಹುಡುಗನ ಗಾಯ ಮಾಯಿತು. ಮಾತ್ರೆ ತಪ್ಪಿಸುವುದಿಲ್ಲ. ಹೋದ ತಿಂಗಳು ತಂಗಿಯನ್ನು ಕರೆತಂದಿದ್ದ. 24 ವರ್ಷ, ಕಂಕುಳಲ್ಲಿ ಎಂಟು ತಿಂಗಳ ಕೂಸು. ಬಸುರಿದ್ದಾಗ ಶುಗರ್ ಇತ್ತಂತೆ, ಆಮೇಲೆ ಯಾರೂ ನೋಡಿಲ್ಲ. ಖಾಲಿ ಹೊಟ್ಟೆಯಲ್ಲಿ 109 ಬಂತು. ಕಾಯಿಲೆ ಅಲ್ಲ, ಆದರೆ ಇರಬೇಕಾದ ಮಿತಿ 100 ದಾಟಿದೆ. ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆಗೆ ಚೀಟಿ ಬರೆದು ಕಳಿಸಿದೆ.