ಕನ್ನಡ ಓದುತಾಣ ಹಗುರಗೊಳಿಸುವ ಕೆಲಸ: ಈವರೆಗೆ ಆದದ್ದು

ಗುರಿ ಇಷ್ಟು: ಕತೆ, ಲೇಖನ, ಹಳೆಯ ಪತ್ರಿಕೆಗಳ ಸ್ಕ್ಯಾನ್ ಇರುವ ತಾಣ 240×320 ಪರದೆಯ ಜಿಯೋಫೋನಿನಲ್ಲೂ, ನೆಟ್‌ವರ್ಕ್ ಒಂದೇ ಕಡ್ಡಿ ತೋರಿಸುವ ಕಡೆಯಲ್ಲೂ ಓದಲು ಬರಬೇಕು.

ಕಂಪ್ರೆಷನ್: ಮುಗಿದಿದೆ

ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ. ಒಳಗೆ ಲ, ಕ, ಹಲಂತ, ಷ, ಹಲಂತ, ಮ, ಇಕಾರ ಸೇರಿ 7 ಸಂಕೇತ, 21 ಬೈಟ್. ಇದಕ್ಕೆ ಹೆದರಿ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ರೂಪ ಕೂರಿಸಿದ ಹಳೆಯ ಆಸ್ಕಿ ಫಾಂಟಿಗೆ ಮರಳುವುದು ಬೇಡ. ಫಾಂಟ್ ಇಳಿಯದಿದ್ದರೆ ಓದುಗರಿಗೆ ಸಿಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುಟಿಎಫ್-8ರ ಆ ಮೂರು ಬೈಟ್‌ಗಳಲ್ಲಿ ಮೊದಲನೆಯದು ಕನ್ನಡದ ಎಲ್ಲ ಅಕ್ಷರಕ್ಕೂ ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಹಾಗಾಗಿ ಫೈಲ್ ಕುಗ್ಗಿಸುವ ವಿಧಾನವಾದ ಜಿಜಿಪ್ ಇದನ್ನು ಚೆನ್ನಾಗಿ ಕುಗ್ಗಿಸುತ್ತದೆ.

ಆದರೆ ನಮ್ಮ ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ನಲ್ಲಿ ಜಿಜಿಪ್ ಆನ್ ಮಾಡಿದರಷ್ಟೇ ಸಾಲದು. ಡಿಫಾಲ್ಟಾಗಿ ಅದು ಕುಗ್ಗಿಸುವುದು ಎಚ್‌ಟಿಎಂಎಲ್ ಮಾತ್ರ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಎಸ್‌ವಿಜಿ, ಜೇಸನ್ ಬಗೆಗಳನ್ನು ಹೆಸರಿಸಿ ಸೇರಿಸಬೇಕು. ಮಟ್ಟವನ್ನು 1ರಿಂದ 5ಕ್ಕೆ ಏರಿಸಿದ್ದೇವೆ. ವಿನಂತಿ ಸಿಡಿಎನ್ (ಓದುಗರಿಗೆ ಹತ್ತಿರದಿಂದ ಫೈಲು ಕೊಡುವ ಮಧ್ಯವರ್ತಿ ಸರ್ವರ್) ಮೂಲಕ, ಮಧ್ಯವರ್ತಿಯ ಗುರುತಾದ ‘ವಯಾ’ ಹೆಡರ್ ಹೊತ್ತು ಬಂದರೆ ಎಂಜಿನ್‌ಎಕ್ಸ್ ಏನನ್ನೂ ಕುಗ್ಗಿಸುವುದಿಲ್ಲ. ‘ಜಿಜಿಪ್ ಪ್ರಾಕ್ಸೀಡ್’ ಆಯ್ಕೆಗೆ ‘ಎನಿ’ ಕೊಡಬೇಕು. ವೆಬ್‌ಗಾಗಿಯೇ ಇರುವ ವೊಫ್2 ಬಗೆಯ ಫಾಂಟುಗಳನ್ನು ಕುಗ್ಗಿಸುವ ಪಟ್ಟಿಗೆ ಸೇರಿಸಬಾರದು. ಅವು ಒಳಗೇ ಬ್ರಾಟ್ಲಿ ಎಂಬ ಇನ್ನೊಂದು ವಿಧಾನದಲ್ಲಿ ಕುಗ್ಗಿರುತ್ತವೆ, ಮತ್ತೆ ಕುಗ್ಗಿಸಿದರೆ ಸಿಪಿಯು ದಂಡ.

ಪುಟದ ಮೊದಲ ಭಾಗದ ಬಜೆಟ್ 14 ಕೆಬಿ. ಡೇಟಾ ಸಾಗಿಸುವ ಪದ್ಧತಿ ಟಿಸಿಪಿ ಮೊದಲ ಸುತ್ತಿನಲ್ಲಿ ಕಳಿಸುವ 10 ಪ್ಯಾಕೆಟ್‌ಗಳಲ್ಲಿ ಹಿಡಿಯುವುದು ಸುಮಾರು ಅಷ್ಟೇ. ಮುಖ್ಯ ಸಿಎಸ್‌ಎಸ್ ಮತ್ತು ಮೊದಲ ಕೆಲವು ಪ್ಯಾರಾ ಕುಗ್ಗಿದ ಮೇಲೆ ಅದರೊಳಗೆ ಕೂರಬೇಕು.

ಫಾಂಟ್: ಹೆಚ್ಚು ಸಮಯ ತಿಂದದ್ದು

ಪಠ್ಯಕ್ಕೆ ಫಾಂಟ್ ಕಳಿಸುವುದನ್ನೇ ಬಿಟ್ಟಿದ್ದೇವೆ. ಈಗಿನ ಆಂಡ್ರಾಯ್ಡ್‌ನಲ್ಲಿ ನೋಟೊ, ವಿಂಡೋಸ್‌ನಲ್ಲಿ ನಿರ್ಮಲಾ ಇಲ್ಲವೇ ತುಂಗಾ, ಆಪಲ್‌ನಲ್ಲಿ ಕನ್ನಡ ಸಂಗಮ್ ಇದ್ದೇ ಇರುತ್ತವೆ. ತಲೆಬರಹಕ್ಕೆ ಮಾತ್ರ ಒಂದು ಫಾಂಟ್, ಅದೂ ‘ಫಾಂಟ್-ಡಿಸ್‌ಪ್ಲೇ: ಆಪ್ಷನಲ್’ ಜೊತೆ. ಬೇಗ ಬಂದರೆ ಸರಿ. ಬಾರದಿದ್ದರೆ ಆ ಭೇಟಿಗೆ ಸಿಸ್ಟಮ್ ಫಾಂಟೇ.

ಜಿಯೋಫೋನಿನ ಕಾಯ್‌ಓಎಸ್ 2.5ರಲ್ಲಿರುವುದು ಗೆಕೊ 48 (ಫೈರ್‌ಫಾಕ್ಸ್‌ನ ಎಂಜಿನ್, ಹಳೆಯ ಆವೃತ್ತಿ). ಅದಕ್ಕೆ ಈ ಫಾಂಟ್-ಡಿಸ್‌ಪ್ಲೇ ಆಯ್ಕೆ ಗೊತ್ತಿಲ್ಲ. ಫಾಂಟಿಗಾಗಿ 3 ಸೆಕೆಂಡ್‌ವರೆಗೆ ತಲೆಬರಹ ಖಾಲಿ ಇಟ್ಟು ಕಾಯುತ್ತದೆ. ಫಾಂಟ್ ಘೋಷಣೆಯನ್ನು ‘ಗ್ರಿಡ್ (ಹೊಸ ಲೇಔಟ್ ವಿಧಾನ) ಬೆಂಬಲ ಇದ್ದರೆ’ ಎಂಬ ಸಪೋರ್ಟ್ಸ್ ನಿಯಮದೊಳಗೆ ಹಾಕಿದರೆ ತೊಂದರೆ ತಪ್ಪುತ್ತದೆ. ಗೆಕೊ 48ಕ್ಕೆ ಗ್ರಿಡ್ ಬರುವುದಿಲ್ಲ, ಫಾಂಟನ್ನೂ ಕೇಳುವುದಿಲ್ಲ.

ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ ಫಾಂಟ್ ಕತ್ತರಿಸಲು ಫಾಂಟ್‌ಟೂಲ್ಸ್‌ನ ಸಬ್‌ಸೆಟ್ಟರ್. ಇಟ್ಟುಕೊಳ್ಳಬೇಕಾದವು: ಯೂನಿಕೋಡ್ ಸಂಖ್ಯೆ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಕನ್ನಡ ಬ್ಲಾಕ್, 200ಸಿ ಮತ್ತು 200ಡಿ (ಅಕ್ಷರಗಳನ್ನು ಬಿಡಿಸುವ, ಬೆಸೆಯುವ ಕಾಣದ ಸಂಕೇತಗಳು), ಒಂಟಿ ಸ್ವರಚಿಹ್ನೆಗೆ ಆಸರೆಯಾಗುವ ಚುಕ್ಕೆ ವೃತ್ತ, ರೂಪಾಯಿ ಚಿಹ್ನೆ, ಜೊತೆಗೆ ವಚನ-ಪದ್ಯಗಳಲ್ಲಿ ಬರುವ । ಮತ್ತು ॥. ಈ ದಂಡಗಳು ದೇವನಾಗರಿ ಬ್ಲಾಕಿನಲ್ಲಿರುವುದರಿಂದ ಸುಲಭವಾಗಿ ತಪ್ಪಿಹೋಗುತ್ತವೆ. ಅಕ್ಷರ ಜೋಡಿಸುವ ಲೇಔಟ್ ಫೀಚರ್‌ಗಳನ್ನು ಪೂರ್ತಿ ಉಳಿಸಿ. ಕರ್ನಿಂಗ್, ಲಿಗೇಚರ್ ಎರಡನ್ನೇ ಉಳಿಸಿದರೆ ಒತ್ತಕ್ಷರಗಳು ಕಳಚಿ ಹಲಂತಗಳ ಸಾಲಾಗುತ್ತವೆ. ಚೀನೀ ಫಾಂಟಿನಂತೆ ಒಂದೇ ಫಾಂಟನ್ನು ಹತ್ತಾರು ಚೂರಾಗಿ ಹಂಚುವ ಉಪಾಯ ಇಲ್ಲಿ ನಡೆಯದು: ‘ಕ’ ಒಂದು ಫೈಲಿನಲ್ಲಿ, ‘ಷ’ ಇನ್ನೊಂದರಲ್ಲಿ ಇದ್ದರೆ ‘ಕ್ಷ’ ಕೂಡಿಕೊಳ್ಳುವುದಿಲ್ಲ.

ಬಿಲ್ಡ್ ಹಂತದಲ್ಲಿ ‘ಕಾಣದ ಅಕ್ಷರ’ಗಳನ್ನು ಅಳಿಸುವ ಮಿನಿಫೈಯರ್ (ಕೋಡ್ ಕಿರಿದಾಗಿಸುವ ಸಾಧನ) ಇದ್ದರೆ ಮೊದಲು ಅದನ್ನು ಆಫ್ ಮಾಡಿ. ‘ರ‍್ಯಾಂಕ್’ ‘ರ್ಯಾಂಕ್’ ಆಗುವುದು ಅಲ್ಲೇ.

ಲೇಔಟ್

ಸಾಲೆತ್ತರ 1.7. ಇಂಗ್ಲಿಷ್ ಥೀಮ್‌ಗಳ 1.2 ಅನ್ನೇ ಉಳಿಸಿದರೆ ಒತ್ತು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗುತ್ತದೆ. 240 ಪಿಕ್ಸೆಲ್‌ನಲ್ಲಿ ನಮ್ಮ ಉದ್ದ ಪದಗಳು ಅಂಚು ದಾಟುತ್ತವೆ, ಅವನ್ನು ಮುರಿದು ಮುಂದಿನ ಸಾಲಿಗೆ ಇಳಿಸಬೇಕು. ‘ಓವರ್‌ಫ್ಲೋ-ರ‍್ಯಾಪ್’ ಗೆಕೊಗೆ ಬಂದದ್ದು 49ರಲ್ಲಿ, ಆದ್ದರಿಂದ ಹಳೆಯ ‘ವರ್ಡ್-ರ‍್ಯಾಪ್’ ಹೆಸರನ್ನೂ ಬರೆಯಬೇಕು.

ಸ್ಕ್ಯಾನ್‌ಗಳು: ನಡೆಯುತ್ತಿದೆ

320, 480, 720, 1080 ಪಿಕ್ಸೆಲ್ ಅಗಲದ ನಾಲ್ಕು ಪ್ರತಿ. ಚಿತ್ರ ಎಷ್ಟು ಅಗಲ ಕಾಣುತ್ತದೆ ಎಂದು ಹೇಳುವ ‘ಸೈಜಸ್’ ಬರೆಯದಿದ್ದರೆ ಬ್ರೌಸರ್ ಚಿತ್ರ ಪರದೆಯಷ್ಟೇ ಅಗಲ ಎಂದುಕೊಂಡು, ಅರ್ಧ ಅಗಲದ ಚಿತ್ರಕ್ಕೂ ದೊಡ್ಡ ಫೈಲನ್ನೇ ಎಳೆಯುತ್ತದೆ. ವೆಬ್‌ಪಿ ಮೊದಲು, ಗೆಕೊ 48ಕ್ಕಾಗಿ ಕೊನೆಯಲ್ಲಿ ಜೆಪೆಗ್. ಫೋಟೊಗೆ ಗುಣಮಟ್ಟ 60 ಸಾಕು, ಅಕ್ಷರದ ಸ್ಕ್ಯಾನಿಗೆ 75 ಇಟ್ಟಿದ್ದೇವೆ. ಅಳೆಯುವ ಬಗೆ ಸರಳ: 480ರ ಪ್ರತಿಯಲ್ಲಿ ದ-ಧ, ಪ-ಫ, ಬ-ಭ ಜೋಡಿಗಳನ್ನು ನೋಡುವುದು. ಮಹಾಪ್ರಾಣದ ಸೀಳು ಮಸುಕಾಗಿ ‘ಧನ’ವು ‘ದನ’ವಾದರೆ ಆ ಮಟ್ಟ ಸಲ್ಲದು, ಎಷ್ಟೇ ಕೆಬಿ ಉಳಿಯಲಿ. ಮೊದಲ ಪರದೆಯ ಚಿತ್ರಕ್ಕೆ ಲೇಜಿ ಲೋಡಿಂಗ್ (ಓದುಗರು ಹತ್ತಿರ ಬಂದಾಗಷ್ಟೇ ಇಳಿಸುವುದು) ಹಾಕಬಾರದು. ಅದು ಇನ್ನೂ ತಡವಾಗುತ್ತದೆ.

ಡೇಟಾ ಉಳಿಸಿ ಎಂದು ಬ್ರೌಸರ್ ಕೇಳುವ ‘ಸೇವ್-ಡೇಟಾ’ ಹೆಡರನ್ನು ಮಾತ್ರ ನಂಬಿ ಕೂರುವಂತಿಲ್ಲ. ಸಫಾರಿ, ಫೈರ್‌ಫಾಕ್ಸ್ ಅದನ್ನು ಕಳಿಸುವುದಿಲ್ಲ. ಪುಟದ ಮೇಲೆಯೇ ‘ಚಿತ್ರ ಬೇಡ’ ಗುಂಡಿ ಇಟ್ಟು ಕುಕಿಯಲ್ಲಿ ನೆನಪಿಟ್ಟಿದ್ದೇವೆ.

ಪರೀಕ್ಷೆ ಮತ್ತು ಬಾಕಿ

ಪುಟದ ವೇಗ ಅಳೆಯುವ ಲೈಟ್‌ಹೌಸ್‌ನ ಡಿಫಾಲ್ಟ್ 1.6 ಎಂಬಿಪಿಎಸ್, 150 ಮಿಲಿಸೆಕೆಂಡ್ ವಿಳಂಬ ತೀರಾ ಉದಾರ. ಕೆಟ್ಟ ನೆಟ್‌ವರ್ಕನ್ನು ಅನುಕರಿಸುವ ಲಿನಕ್ಸಿನ ನೆಟೆಮ್‌ನಲ್ಲಿ 400 ಕೆಬಿಪಿಎಸ್, 400 ಮಿಲಿಸೆಕೆಂಡ್ ವಿಳಂಬ, 2% ಪ್ಯಾಕೆಟ್ ನಷ್ಟ ಇಟ್ಟು ನೋಡುತ್ತಿದ್ದೇವೆ.

ಸರ್ವಿಸ್ ವರ್ಕರ್ (ಬ್ರೌಸರಿನಲ್ಲಿ ಕೂತು ಪುಟ ಉಳಿಸಿ ಕೊಡುವ ಸ್ಕ್ರಿಪ್ಟ್) ಇನ್ನೂ ಬಾಕಿ. ಮೊದಲು ನೆಟ್‌ವರ್ಕ್, 3 ಸೆಕೆಂಡಿಗೆ ಉತ್ತರ ಬಾರದಿದ್ದರೆ ಕ್ಯಾಶ್ (ಫೋನಿನಲ್ಲಿ ಉಳಿಸಿದ ಪ್ರತಿ), ಇದು ಯೋಜನೆ. ಸಮಯಮಿತಿ ಇಲ್ಲದಿದ್ದರೆ ಸಿಗ್ನಲ್ ಇದ್ದೂ ಡೇಟಾ ಓಡದ ಕಡೆ ಪುಟ ತಿರುಗುತ್ತಲೇ ಇರುತ್ತದೆ. ಬೇರೆ ಡೊಮೇನಿನ ಚಿತ್ರಗಳನ್ನು ಸಿಓಆರ್‌ಎಸ್ (ಆ ಡೊಮೇನಿನ ಅನುಮತಿ) ಇಲ್ಲದೆ ಕ್ಯಾಶ್ ಮಾಡಿದರೆ ಕ್ರೋಮ್ ಒಂದೊಂದನ್ನೂ ಸುಮಾರು 7 ಎಂಬಿ ಎಂದು ಲೆಕ್ಕ ಹಿಡಿಯುತ್ತದೆ. ಹಾಗಾಗಿ ಸ್ಕ್ಯಾನ್‌ಗಳನ್ನೆಲ್ಲ ಮೊದಲು ಮುಖ್ಯ ಡೊಮೇನಿಗೇ ತರಬೇಕಿದೆ.