ಚಾರ್ಮಾಡಿ ಇಳಿದು ಆಗುಂಬೆ ಹತ್ತುವ ಮುಂಚೆ ಪಾಲಿಸಿ ಬಿಡಿಸಿ ನೋಡಿ

ಮಳೆಯ ಅಬ್ಬರ ತಗ್ಗಿ, ಕಾಡಿನ ಹಸಿರು ಇನ್ನೂ ಮಾಸದ ಅಕ್ಟೋಬರ್, ನವೆಂಬರ್ ಮಲೆನಾಡಿಗೆ ಬೈಕಲ್ಲಿ ಹೋಗಲು ಹೇಳಿಮಾಡಿಸಿದ ಕಾಲ. ನಾವು ಹೋದದ್ದು ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ; ಚಾರ್ಮಾಡಿ ಇಳಿದು ಉಜಿರೆ, ಕಾರ್ಕಳ, ಹೆಬ್ರಿ; ಆಮೇಲೆ ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗದ ಮೇಲೆ ವಾಪಸ್.

ಹೊರಡುವ ಹಿಂದಿನ ವಾರ ಎಲ್ಲರ ಬೈಕ್ ವಿಮೆಯ ಪಾಲಿಸಿಗಳನ್ನೂ ಒಟ್ಟಿಗೆ ಕೂತು ನೋಡಿದೆವು. ಇಬ್ಬರ ಗಾಡಿಗೆ ಓನ್ ಡ್ಯಾಮೇಜ್, ಅಂದರೆ ನಮ್ಮದೇ ಗಾಡಿ ಜಖಂ ಆದರೆ ದುಡ್ಡು ಕೊಡುವ ಭಾಗದ ಅವಧಿ ಮುಗಿದೇ ಹೋಗಿತ್ತು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಕೊಳ್ಳುವಾಗಲೇ 5 ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ) ಕಡ್ಡಾಯ. ಆದರೆ ಓನ್ ಡ್ಯಾಮೇಜ್ ಭಾಗ ಹೆಚ್ಚಾಗಿ ಒಂದೇ ವರ್ಷದ್ದಿರುತ್ತದೆ. ಥರ್ಡ್ ಪಾರ್ಟಿ ಚಾಲ್ತಿಯಲ್ಲಿರುವುದರಿಂದ ಪೊಲೀಸರು ತಡೆದರೂ ದಂಡವಿಲ್ಲ. ಹಾಗಾಗಿ ಬಿದ್ದ ದಿನದವರೆಗೂ ಯಾರ ಗಮನಕ್ಕೂ ಬರುವುದಿಲ್ಲ. ಹೊರಡುವ ಹಿಂದಿನ ರಾತ್ರಿ ನವೀಕರಿಸಿದರಾಯಿತು ಅಂದುಕೊಳ್ಳಬೇಡಿ. ಅವಧಿ ಮೀರಿದ ಗಾಡಿಗೆ ಕೆಲವು ಕಂಪನಿಗಳು ತಪಾಸಣೆ ಕೇಳುತ್ತವೆ. 90 ದಿನ ದಾಟಿದರೆ ಕೂಡಿಬಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ಹೋಯಿತು.

ಗೆಳೆಯನ ಬೈಕ್ ಕೇಳಿ ತೆಗೆದುಕೊಂಡು ಹೋಗುವವರು ಇನ್ನೊಂದು ತಿಳಿದಿರಲಿ. 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಗಾಡಿಯ ಮಾಲೀಕನಿಗೆ ಮಾತ್ರ, ಅದೂ ಅವನ ಡಿಎಲ್ ಊರ್ಜಿತವಿದ್ದರೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದೆ ಕೂತವರಿಗೂ ರಕ್ಷಣೆಯಿಲ್ಲ. ಹೆಂಡತಿಯನ್ನೋ ತಮ್ಮನನ್ನೋ ಕೂರಿಸಿಕೊಂಡು ಹೋಗುವುದಾದರೆ ಬೇರೆ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ. ಹೆಲ್ಮೆಟ್ ಇಬ್ಬರಿಗೂ ಐಎಸ್‌ಐ ಗುರುತಿನದೇ ಇರಲಿ.

ಮಲೆನಾಡಿಗೆ ನಾನು ದುಡ್ಡು ಹಾಕುವುದು ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಎಂಜಿನ್ ಪ್ರೊಟೆಕ್ಷನ್‌ಗೆ. ತುಂಬಿ ಹರಿಯುವ ತೋಡು ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿ ಹಾಳಾದರೆ ಸಾದಾ ಪಾಲಿಸಿಯಲ್ಲಿ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ತಳ್ಳಿಕೊಂಡು ಬನ್ನಿ. ಬಿದ್ದರೆ ಮೊದಲು ಫೋಟೋ, ಆಮೇಲೆ ಕಂಪನಿಗೆ ಫೋನ್, ರಿಪೇರಿ ಕೊನೆಗೆ. ಘಾಟಿಯಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಪಾಲಿಸಿ ನಂಬರು, ಕಂಪನಿಯ ಫೋನ್ ನಂಬರು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿಡಿ. ಆಂಬುಲೆನ್ಸಿಗೆ 108.

ಇನ್ನು ದಾರಿ. ಚಾರ್ಮಾಡಿಯಲ್ಲಿ ಮಂಜು ಕವಿದರೆ ಹತ್ತಡಿ ಮುಂದೆ ಏನಿದೆ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರಲ್ಲೇ ಇರಿ; ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಕೈಕೊಡುತ್ತದೆ. ಹತ್ತಿ ಬರುವ ಲಾರಿಗೆ ದಾರಿ ಬಿಡಿ. ಮರದ ನೆರಳಿನ ತಿರುವುಗಳಲ್ಲಿ ಬಿಸಿಲಿದ್ದರೂ ಪಾಚಿ ಆರಿರುವುದಿಲ್ಲ, ಅಂಚಿಗೆ ಹೋಗಬೇಡಿ. ಹಾರಾಡುವ ಪೋಂಚೋ ಬೇಡ, ಚೈನಿಗೆ ಸಿಕ್ಕಿಕೊಳ್ಳುತ್ತದೆ. ಪ್ಯಾಂಟು, ಕೋಟು ಬೇರೆಬೇರೆ ಇರುವ ರೇನ್‌ಸೂಟೇ ಸರಿ. ಟಯರಿನ ಗೆರೆ ಸವೆದಿದ್ದರೆ ಬೆಂಗಳೂರಲ್ಲೇ ಬದಲಿಸಿ. ಬೇಲೂರು, ಮೂಡಿಗೆರೆ ಕಡೆ ಕಾಡಾನೆ ಓಡಾಟವಿದೆ, ಆ ಭಾಗವನ್ನು ಬೆಳಕಿರುವಾಗಲೇ ದಾಟಿ.

ಆಗುಂಬೆಯ 14 ತಿರುವುಗಳು ನನಗೇನೂ ಕಷ್ಟ ಅನ್ನಿಸಲಿಲ್ಲ. ತೊಂದರೆ ಇರುವುದು ಅದರ ನಂತರ: ಸೂರ್ಯಾಸ್ತ ನೋಡುತ್ತ ಎಲ್ಲರೂ ಕತ್ತಲಾಗುವವರೆಗೆ ನಿಂತು, ಆಮೇಲೆ ತೀರ್ಥಹಳ್ಳಿಯತ್ತ ಒಟ್ಟಿಗೆ ಧಾವಿಸುತ್ತಾರೆ. ಸೂರ್ಯಾಸ್ತ ನೋಡಲೇಬೇಕು ಅಂತಿದ್ದರೆ ಆ ರಾತ್ರಿಗೆ ಆಗುಂಬೆಯಲ್ಲೇ ರೂಮು ಹೇಳಿಟ್ಟುಕೊಳ್ಳಿ.